ಸ್ಪ್ಲೆಂಡರ್‌ಗೆ ಬುಲೆಟ್ ಹೆಡ್‌ಲೈಟ್, ಆರ್‌ಎಕ್ಸ್ ಮೀಟರ್: ದಿನಾ ಓಡಿಸುವವನ ಮಾತು

ಹೆಡ್‌ಲೈಟ್ ಬದಲಾವಣೆಗೆ ನನ್ನ ಪೂರ್ತಿ ಮಾರ್ಕು. ಮೀಟರ್ ಬದಲಾವಣೆಗೆ ಅರ್ಧ ಮಾತ್ರ.

ಗಾಡಿ ಹಳೆ ಹೀರೋ ಹೋಂಡಾ ಸ್ಪ್ಲೆಂಡರ್, 97.2 ಸಿಸಿ. ಧಾರವಾಡದಲ್ಲಿ ಅಪ್ಪ ಓಡಿಸಿದ್ದು, ಈಗ ಪುಣೆಯಲ್ಲಿ ನನ್ನ ಹತ್ತಿರ ಇದೆ. ಚೌಕ ಹೆಡ್‌ಲೈಟನ್ನೂ ಅದರ ಪ್ಲಾಸ್ಟಿಕ್ ಕವರನ್ನೂ ತೆಗೆದು ಬುಲೆಟ್‌ನ ಏಳು ಇಂಚಿನ ದುಂಡು ಡೂಮ್ (ಗಾಜು, ರಿಫ್ಲೆಕ್ಟರ್ ಸೇರಿದ ದೀಪ) ಕೂರಿಸಿದ್ದೇನೆ. ಅದರ ಮೇಲೆ ಯಮಹಾ ಆರ್‌ಎಕ್ಸ್ 100ರ ದುಂಡು ಮೀಟರ್. ಬುಲೆಟ್‌ನಲ್ಲಿ ಡೂಮ್ ಕೂರುವುದು ಫೋರ್ಕ್‌ ಮೇಲಿನ ಎರಕದ ಕವಚದೊಳಗೆ. ಅದು ನಮ್ಮ ಗಾಡಿಗೆ ಬರುವುದಿಲ್ಲ. ಹಾಗಾಗಿ ಬೇರೆ ತಗಡಿನ ಬಟ್ಟಲು, ಫೋರ್ಕ್‌ಗೆ ಹಿಡಿಯುವ ಕ್ಲ್ಯಾಂಪ್ ಬೇಕು. ಎರಡೂ ಪುಣೆಯ ನಾನಾ ಪೇಟೆಯಲ್ಲಿ ಸಿಗುತ್ತವೆ.

ಕೂರಿಸುವುದು ಸುಲಭ. ಕರೆಂಟ್ ಕೊಡುವುದೇ ಕಷ್ಟ. ಹಳೆ ಸ್ಪ್ಲೆಂಡರ್‌ನಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ, ಇಂಜಿನ್ ಓಡಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಎಸಿ ಕರೆಂಟ್ ತಗೊಳ್ಳುತ್ತದೆ. ರೇಸ್ ಕೊಟ್ಟರೆ ಬೆಳಕು ಜೋರು, ಸಿಗ್ನಲ್‌ನಲ್ಲಿ ನಿಂತರೆ ಮಂಕು. ಮೂಲ ಬಲ್ಬು 35/35 ವ್ಯಾಟ್. ಬುಲೆಟ್‌ನ ಎಚ್4 ಬಲ್ಬು 60/55 ವ್ಯಾಟ್. ಈ ಚಿಕ್ಕ ಕಾಯಿಲ್‌ನಿಂದ ಅದು ಆಗದ ಕೆಲಸ. ಅಂಗಡಿಯವರು ‘ಹಾಕಿ, ಏನೂ ಆಗಲ್ಲ’ ಅಂದರೂ ಹಾಕಬೇಡಿ.

ನಾವು ಮಾಡಿಸಿದ್ದು ಹೀಗೆ. ಕಾಯಿಲ್‌ನ ಒಂದು ತುದಿ ಇಂಜಿನ್‌ಗೆ ಅರ್ಥ್ ಆಗಿರುತ್ತದೆ. ಅದನ್ನು ಬಿಡಿಸಿ ಬೇರೆ ವೈರ್ ಹೊರಗೆ ತರಬೇಕು. ಆಮೇಲೆ ಫುಲ್ ವೇವ್ ರೆಗ್ಯುಲೇಟರ್ (ಕಾಯಿಲ್‌ನ ಎಸಿಯನ್ನು ಪೂರ್ತಿ ಡಿಸಿ ಮಾಡುವ ಸಾಮಾನು) ಹಾಕಿ, ಮೂಲ 2.5 ಆಂಪಿಯರ್ ಅವರ್ ಬ್ಯಾಟರಿ ಬದಲು ದೊಡ್ಡದು ಇಟ್ಟು, ಹೆಡ್‌ಲೈಟನ್ನು ಡಿಸಿಗೆ ತರಬೇಕು. ಬಲ್ಬು ಮಾತ್ರ 35/35ರದ್ದೇ. ಅಷ್ಟೇ ವ್ಯಾಟ್ ಇದ್ದರೂ ದೊಡ್ಡ ರಿಫ್ಲೆಕ್ಟರ್ ಬೆಳಕನ್ನು ಎಷ್ಟು ಚೆನ್ನಾಗಿ ಹರಡುತ್ತದೆ ಅನ್ನುವುದನ್ನು ರಾತ್ರಿ ಸಾತಾರಾ ರಸ್ತೆಯ ಖಂಬಾಟ್ಕಿ ಘಾಟ್ ಇಳಿಯುವಾಗ ನೋಡಬೇಕು. ರಸ್ತೆ ಅಂಚಿನ ಬಿಳಿ ಗೆರೆ ತಿರುವಿನ ತನಕ ಕಾಣುತ್ತದೆ. ಮೊದಲು ಮುಂದಿನ ಲಾರಿಯ ಕೆಂಪು ದೀಪವೇ ಗತಿಯಾಗಿತ್ತು.

ಡೂಮ್ ಕೊಳ್ಳುವಾಗ ಗೋಡೆಯ ಮುಂದೆ ಹಚ್ಚಿ ನೋಡಿ. ನಮ್ಮ ದೇಶದಲ್ಲಿ ಎಡಗಡೆ ಓಡಿಸುತ್ತೇವೆ, ಅಲ್ವಾ? ಡಿಮ್ ಬೆಳಕಿನ ಅಂಚು ಎಡಕ್ಕೆ ಸ್ವಲ್ಪ ಮೇಲೇರಬೇಕು. ಬಲಗಡೆ ಓಡಿಸುವ ದೇಶಗಳಿಗೆ ಮಾಡಿದ ಅಗ್ಗದ ಡೂಮ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬೆಳಕು ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ಹ್ಯಾಲೊಜೆನ್ ಡೂಮ್‌ನಲ್ಲಿ ಎಲ್‌ಇಡಿ ಬಲ್ಬು ತುರುಕುವುದೂ ಅದೇ ಪಾಪ. ಬೆಳಕು ಹುಟ್ಟುವ ಜಾಗ ಬದಲಾದರೆ ರಿಫ್ಲೆಕ್ಟರ್ ಲೆಕ್ಕವೇ ತಪ್ಪುತ್ತದೆ. ನನಗೆ ಮೊದಲು ಕೊಟ್ಟ ಡೂಪ್ಲಿಕೇಟ್ ಡೂಮ್‌ನ ಬೆಳ್ಳಿ ಲೇಪ ಒಂದೇ ಮಳೆಗಾಲದಲ್ಲಿ ಕಿತ್ತು ಬಂತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕಂಪನಿಯ ಮೂಲ ಸಾಮಾನೇ ತಗೊಳ್ಳಿ, ಸ್ವಲ್ಪ ದುಬಾರಿ ಆದರೂ ಸರಿ.

ಇನ್ನು ಮೀಟರ್. ಕೇಬಲ್ ಮೀಟರ್ ಒಳಗೆ ಒಂದು ಮ್ಯಾಗ್ನೆಟ್ ತಿರುಗುತ್ತದೆ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಮತ್ತು ಮುಳ್ಳು. ಅದಕ್ಕೆ ಗಾಡಿಯ ವೇಗ ಗೊತ್ತಿಲ್ಲ, ಕೇಬಲ್ ಎಷ್ಟು ಸುತ್ತಿತು ಅನ್ನುವುದಷ್ಟೇ ಗೊತ್ತು. ಚಕ್ರದ ಅಳತೆ, ಹಬ್‌ನೊಳಗಿನ ಗಿಯರ್ ಎರಡೂ ಹೊಂದಿದರೆ ಮಾತ್ರ ಓದು ಸರಿ. ಸ್ಪ್ಲೆಂಡರ್‌ಗೂ ಆರ್‌ಎಕ್ಸ್‌ಗೂ 18 ಇಂಚಿನ ಚಕ್ರ, ಬುಲೆಟ್‌ಗೆ 19. ನಾನು ಬುಲೆಟ್ ಮೀಟರ್ ಹಾಕದೇ ಇದ್ದದ್ದು ಅದಕ್ಕೇ. ಆದರೂ ನಂಬಬಾರದು. ಸಾತಾರಾ ರಸ್ತೆಯ ಕಿಲೋಮೀಟರ್ ಕಲ್ಲುಗಳ ಲೆಕ್ಕಕ್ಕೆ ಓಡೋಮೀಟರ್ ಹೋಲಿಸಿ, ವೇಗವನ್ನು ಫೋನಿನ ಜಿಪಿಎಸ್ ಜೊತೆ ನೋಡಿ. ನನ್ನದು ಸ್ವಲ್ಪ ಜಾಸ್ತಿ ತೋರಿಸುತ್ತದೆ. ಕಮ್ಮಿ ತೋರಿಸುವುದಕ್ಕಿಂತ ಅದು ವಾಸಿ.

ವೈರಿಂಗ್ ಮಾಡಿದ್ದು ಭೋಸರಿಯ ಎಲೆಕ್ಟ್ರಿಷಿಯನ್, ವಿಜಯಪುರದವರು. ನಾನು ಮೀಟರ್ ತರಲು ಹಳೆ ಸಾಮಾನಿನ ಜೂನಾ ಬಜಾರಿಗೆ ಹೊರಟಾಗ ಅವರು ಹೇಳಿದ ಮಾತು ಎಲ್ಲರಿಗೂ ಉಪಯೋಗ: “ತಮ್ಮಾ, ಮೀಟರ್ ಒಂದೇ ತರಬ್ಯಾಡ. ಕಪ್ಲರ್ (ವೈರ್ ಕೂಡಿಸೋ ಪ್ಲಗ್) ಸಮೇತ, ಒಂದು ಗೇಣು ವೈರ್ ಬಿಟ್ಟು ಕತ್ತರಿಸಿಕೊಂಡು ಬಾ.” “ಯಾಕ ಕಾಕಾ?” ಅಂದೆ. “ಬಣ್ಣ ನೋಡಿ ಕೂಡಿಸಿದರ ಫ್ಯೂಸ್ ಹೋಗತೈತಿ” ಅಂದರು. ನಿಜ. ಹೋಂಡಾ ವೈರಿಂಗ್‌ನಲ್ಲಿ ಕರಿ ವೈರ್ ಅಂದರೆ ಕೀ ಹಾಕಿದ ಮೇಲಿನ 12 ವೋಲ್ಟ್, ಹಸಿರು ಅರ್ಥ್. ಯಮಹಾದಲ್ಲಿ ಕರಿಯೇ ಅರ್ಥ್. ಕರಿಗೆ ಕರಿ ಕೂಡಿಸಿದರೆ ನೇರ ಶಾರ್ಟ್.

ನನ್ನ ಮೀಟರ್‌ನಲ್ಲಿ ಇಂಡಿಕೇಟರ್ ದೀಪ ಒಂದೇ. ಎಡ, ಬಲ ಎರಡರ ವೈರನ್ನೂ ಸುಮ್ನೆ ಅದಕ್ಕೆ ಸೇರಿಸಿದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೇ ಮಿಟುಕುತ್ತವೆ. ಒಂದೊಂದು ಬದಿಗೆ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬೆಳ್ಳಿ ಪಟ್ಟಿ ಇರುವ ತುದಿ ದೀಪದ ಕಡೆಗೆ, ದೀಪದ ಇನ್ನೊಂದು ತುದಿ ಅರ್ಥ್‌ಗೆ. ಇಷ್ಟೇ. ಚಿಲ್ಲರೆ ಕಾಸಿನ ಸಾಮಾನು, ಇವತ್ತಿಗೂ ತೊಂದರೆ ಕೊಟ್ಟಿಲ್ಲ.

ಅರ್ಧ ಮಾರ್ಕು ಕಳೆದದ್ದು ಪೆಟ್ರೋಲ್ ಮುಳ್ಳಿಗೆ. ಹೊಸ ಮೀಟರ್‌ನಲ್ಲಿ ಅದು ಇಲ್ಲ. ರಿಸರ್ವ್ ಕಾಕ್ ಇದೆ, ಆದರೂ ದಿನಾ ಟ್ರಾಫಿಕ್ಕಿನಲ್ಲಿ ಓಡುವವರಿಗೆ ಇದು ನಿಜವಾದ ನಷ್ಟ. ಮತ್ತೆ ಪುಣೆಯ ಮಳೆ. ಜುಲೈನಲ್ಲಿ ಖಂಡಾಳಾ ಕಡೆ ಹೋದರೆ ಮೀಟರ್ ಗಾಜಿನೊಳಗೆ ಆವಿ ಕಟ್ಟುತ್ತದೆ. ಅಂಚಿಗೆ ಸಿಲಿಕೋನ್ ಅಂಟು ಹಚ್ಚಿದ ಮೇಲೆ ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ.

ಹಳೆ ಹೆಡ್‌ಲೈಟ್, ಮೀಟರ್ ಎರಡನ್ನೂ ಎಸೆಯಬೇಡಿ. ಹದಿನೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಹೋದಾಗ ಆರ್‌ಟಿಒದವರು ಗಾಡಿ ನೋಡುತ್ತಾರೆ, ಮೂಲ ಸ್ವರೂಪದ ಮಾರ್ಪಾಡಿಗೆ ಕಾನೂನಿನಲ್ಲಿ ಮಿತಿ ಇದೆ. ನಾನು ಫ್ರೇಮ್ ಎಲ್ಲೂ ಕುಯ್ದಿಲ್ಲ, ಎಲ್ಲ ಬೋಲ್ಟ್ ಮೇಲೇ ನಿಂತಿದೆ. ಹಳೆ ಮೀಟರ್‌ನ ಕಿಲೋಮೀಟರ್ ಫೋಟೊ ತೆಗೆದು ಇಟ್ಟುಕೊಳ್ಳಿ. ಮುಂದೆ ಗಾಡಿ ಮಾರಿದರೆ ಕೊಳ್ಳುವವರಿಗೆ ತೋರಿಸಲೇಬೇಕಾದ ಲೆಕ್ಕ ಅದು.

2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಇಟ್ಟುಕೊಂಡವರು ಈ ಮೀಟರ್ ಕಥೆಯನ್ನು ಬಿಟ್ಟುಬಿಡಿ. ಪೆಟ್ರೋಲ್ ಇಂಜೆಕ್ಷನ್‌ನ ಎಚ್ಚರಿಕೆ ದೀಪ ಮೀಟರ್‌ನಲ್ಲೇ ಇರುತ್ತದೆ. ಮೀಟರ್ ಹೋದರೆ ಇಂಜಿನ್ ಏನು ಹೇಳುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಅಂಥ ಗಾಡಿಗೆ ಡೂಮ್ ಮಾತ್ರ ಬದಲಿಸಿ, ಅದೂ ಮೂಲ ಬಲ್ಬಿನಷ್ಟೇ ವ್ಯಾಟ್ ಇಟ್ಟುಕೊಂಡು.