ಎಂಟು ಕೆಜಿ ಅಂದರೆ ಎಂಟು ಕೆಜಿ ಅಲ್ಲ! ಬೆಡ್‌ಶೀಟ್‌ಗೆ ಅಂತ ಡ್ರೈಯರ್ ತಗೊಳ್ಳೋರು ಓದಿ

ಬೆಳಗಾವಿಯಲ್ಲಿ ಬಟ್ಟೆ ಒಣಗಿಸೋ ಮಷೀನ್ ತಗೊಳ್ಳಬೇಕು ಅಂತಿರೋರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಡಬಲ್ ಬೆಡ್‌ಶೀಟ್, ಕೌದಿ ಒಣಗಿಸೋಕೆ ತಗೊಳ್ಳೋರು. ನಾನು 52,500 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ನಮ್ಮ ಊರಿನ ಮಳೆ ಗೊತ್ತಲ್ವಾ. ಜೂನ್‌ನಲ್ಲಿ ಹಿಡಿಯಿತು ಅಂದರೆ ಜುಲೈ, ಆಗಸ್ಟ್ ಪೂರ್ತಿ ಬಿಸಿಲೇ ಇಲ್ಲ. ಒಂದು ಬೆಡ್‌ಶೀಟ್ ಒಣಗೋಕೆ ಮೂರು ದಿನ. ಒಣಗಿದರೂ ಮುಗ್ಗಲು ವಾಸನೆ. ಅತ್ತೆಯವರು ಹಾಸಿಗೆ ಹಿಡಿದು ವರ್ಷದ ಮೇಲಾಯಿತು. ದಿನಕ್ಕೆ ಒಂದು ಬೆಡ್‌ಶೀಟ್ ಬದಲಾಯಿಸಲೇಬೇಕು, ಕೆಲವು ದಿನ ಎರಡು. ಸ್ವಲ್ಪ ಹಸಿ ಇದ್ದರೂ ಅವರ ಬೆನ್ನು ಕೆಂಪಾಗುತ್ತದೆ. ಅದಕ್ಕೇ ಮಗ ಪುಣೆಯಿಂದ ದುಡ್ಡು ಕಳಿಸಿದ. "ಅವ್ವಾ, ಒಂದು ಒಳ್ಳೇ ಡ್ರೈಯರ್ ತಗೋ" ಅಂದ.

ಅಂಗಡಿಯ ಹೆಸರು ಬರೆಯಲ್ಲ. ಊರೊಳಗಿನ ದೊಡ್ಡ ಅಂಗಡಿ, ಅಷ್ಟು ಸಾಕು. ಹೋದ ತಕ್ಷಣ ನಾನು ಸ್ಪಷ್ಟವಾಗಿ ಹೇಳಿದೆ. ನೀರು ಹಿಂಡಿ ಕೊಡೋ ಡ್ರೈಯರ್ ಅಲ್ಲ, ಅದು ಮನೆಯ ಹಳೇ ಮಷೀನ್‌ನಲ್ಲೇ ಇದೆ. ಬಿಸಿ ಗಾಳಿಯಲ್ಲಿ ಪೂರ್ತಿ ಒಣಗಿಸಿ ಕೊಡೋದು ಬೇಕು. ದೊಡ್ಡ ಬೆಡ್‌ಶೀಟ್ ಒಣಗಬೇಕು. ಇದನ್ನೇ ಮೂರು ಸಲ ಹೇಳಿದೆ.

"ಬರೇ ಡ್ರೈಯರ್ ಯಾಕ್ರಿ ಅಕ್ಕಾರ? ಇದನ್ನ ನೋಡ್ರಿ. ತೊಳಿಯೂದೂ ಇದ, ಒಣಗಸೂದೂ ಇದ. ಎಂಟ ಕೆಜಿ ಐತ್ರಿ. ಬೇಕಾದ್ರ ಕೌದಿ ಹಾಕ್ರಿ!"

ನಾನು ಮತ್ತೆ ಕೇಳಿದೆ. ಎರಡು ಡಬಲ್ ಬೆಡ್‌ಶೀಟ್ ಒಟ್ಟಿಗೆ ಒಣಗುತ್ತವಾ? "ಎರಡೇನ್ರಿ, ನಾಕು ಹಾಕ್ರಿ" ಅಂದರು. ಆಮೇಲೆ ಒಳಗಿನಿಂದ ಒಂದು ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು. ಬೆಚ್ಚಗೆ, ಹಗುರವಾಗಿತ್ತು. ಮಳೆಯಲ್ಲಿ ನೆನೆದು ಹೋಗಿದ್ದೆ, ಆ ಟವೆಲ್ ಮುಟ್ಟಿದಾಗ ಅತ್ತೆಯವರ ಹಾಸಿಗೆಯೇ ಕಣ್ಣ ಮುಂದೆ ಬಂತು. ಅಲ್ಲೇ ಹೂಂ ಅಂದುಬಿಟ್ಟೆ. ಟವೆಲ್ ತೋರಿಸಿದರು, ಬೆಡ್‌ಶೀಟ್ ತೋರಿಸಲಿಲ್ಲ. ಅದನ್ನು ನಾನು ಕೇಳಲೇ ಇಲ್ಲ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂತು, ಪ್ಲಂಬರ್ ಬಂದು ಕೂರಿಸಿ ಹೋದ. ಮೊದಲ ದಿನ ಎರಡು ಬೆಡ್‌ಶೀಟ್, ನಾಲ್ಕು ದಿಂಬಿನ ಕವರ್ ಹಾಕಿದೆ. ತೊಳೆದು ಒಣಗೋಕೆ ಐದು ತಾಸು. ಮುಗಿಯಿತು ಅಂತ ಸದ್ದು ಮಾಡಿತು. ಬಾಗಿಲು ತೆಗೆದರೆ ಎಲ್ಲಾ ಸೇರಿ ಒಂದೇ ಉಂಡೆ! ಹೊರಗೆ ಮುಟ್ಟಿದರೆ ಕೈ ಸುಡೋ ಹಾಗೆ ಬಿಸಿ. ಬಿಡಿಸುತ್ತಾ ಹೋದೆ. ಎಲಾಸ್ಟಿಕ್ ಇರೋ ಬೆಡ್‌ಶೀಟ್‌ನ ಹೊಟ್ಟೆಯೊಳಗೆ ಇನ್ನೊಂದು ಬೆಡ್‌ಶೀಟ್, ಅದರೊಳಗೆ ದಿಂಬಿನ ಕವರ್. ಒಳಗಿನದು ಹಿಂಡಿದರೆ ನೀರು ಬರೋ ಹಾಗಿತ್ತು. ಅತ್ತೆಯವರು ಮಂಚದಿಂದಲೇ "ಒಣಗಿದುವೇನವಾ?" ಅಂತ ಕೇಳಿದರು. ಏನು ಹೇಳಲಿ?

ನಂದೇ ತಪ್ಪಿರಬೇಕು ಅಂತ ಒಂದು ವಾರ ಬೇರೆ ಬೇರೆ ಥರ ಮಾಡಿ ನೋಡಿದೆ. ಅದೇ ಉಂಡೆ. ಪ್ರತಿ ಸಲ ಅದೇ ಉಂಡೆ.

ಅಂಗಡಿಗೆ ಫೋನ್ ಮಾಡಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತಿದ್ದೇನೆ.

"ನೀವು ಭಾಳ ತುಂಬಾಕತ್ತೀರಿ ಅಕ್ಕಾರ."

ತೂಕ ಹಾಕಿ ನೋಡಿದೆ. ಎಲ್ಲಾ ಸೇರಿ ಮೂರು ಕೆಜಿಯೂ ಇರಲಿಲ್ಲ. ಫೋಟೋ ಕಳಿಸಿದೆ. ಎರಡು ದಿನ ಉತ್ತರವೇ ಇಲ್ಲ. ಆಮೇಲೆ, "ಮಳಿಗಾಲ ಐತಲ್ರಿ, ಥಂಡಿಗೆ ತಡಾ ಆಗತೈತಿ." ಮಳೆಗಾಲಕ್ಕೆ ಅಂತಲೇ ತಾನೇ ನಾನು ತಗೊಂಡಿದ್ದು! "ಒಂದೊಂದ ಹಾಕ್ರಿ." ನಾಲ್ಕು ಹಾಕಿ ಅಂದವರು ನೀವೇ ಅಲ್ವಾ ಅಂದೆ. "ನಾ ಹಂಗ ಅಂದಿಲ್ರಿ."

ಅಂದಿಲ್ಲವಂತೆ. ಈ ಮಾತು ಕೇಳಿ ನನಗೆ ಅಳು ಬಂತು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಇದು.

ಕೊನೆಗೆ ಕಂಪನಿಯ ಹುಡುಗ ಬಂದ. ಪಾಪ, ಒಳ್ಳೆಯವನು. ಬಾಗಿಲ ಪಕ್ಕ ಅಂಗಡಿಯವರು ಅಂಟಿಸಿದ್ದ ಆಫರ್ ಸ್ಟಿಕರ್ ಉಗುರಿನಲ್ಲಿ ಕಿತ್ತ. ಅದರ ಕೆಳಗೆ ಬರೆದಿತ್ತು. ತೊಳೆಯೋಕೆ 8 ಕೆಜಿ, ಒಣಗಿಸೋಕೆ 5 ಕೆಜಿ. "ಅಕ್ಕಾರ, ಟು-ಇನ್-ಒನ್ ಅಂದ್ರ ಹಿಂಗ ಇರತೈತ್ರಿ. ನಿಮಗ್ಯಾರೂ ಹೇಳಲಿಲ್ಲೇನ್ರಿ?" ಅಂದ. ಯಾರೂ ಹೇಳಲಿಲ್ಲ.

ಉಳಿದಿದ್ದನ್ನೂ ಅವನೇ ಬಿಡಿಸಿ ಹೇಳಿದ. ಬೆಡ್‌ಶೀಟ್‌ಗೆ ತೂಕ ಮುಖ್ಯವೇ ಅಲ್ಲ, ಡ್ರಮ್ಮಿನಲ್ಲಿ ಜಾಗ ಮುಖ್ಯ. ಬಟ್ಟೆ ಬಿಚ್ಚಿಕೊಂಡು ಬೀಳಬೇಕು, ಮಧ್ಯೆ ಗಾಳಿ ಓಡಾಡಬೇಕು. ಬರೀ ಒಣಗಿಸೋ ಮಷೀನ್‌ನ ಡ್ರಮ್ ಅದಕ್ಕೇ ತುಂಬ ದೊಡ್ಡದಿರುತ್ತದೆ. ಟು-ಇನ್-ಒನ್‌ನಲ್ಲಿ ಇರೋದು ತೊಳೆಯೋ ಡ್ರಮ್ಮೇ. ಉಂಡೆ ಆದ ಮೇಲೆ ಹೊರಗಿನ ಪದರ ಒಣಗುತ್ತದೆ, ಸೆನ್ಸರ್‌ಗೆ ಅದೇ ತಾಗುತ್ತದೆ, ಎಲ್ಲಾ ಒಣಗಿತು ಅಂದುಕೊಂಡು ಮಷೀನ್ ನಿಂತುಬಿಡುತ್ತದೆ. ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗೋ ಡ್ರೈಯರ್‌ನಲ್ಲಿ ಸುತ್ತಿಕೊಳ್ಳೋದು ಕಡಿಮೆಯಂತೆ.

ಇನ್ನೊಂದು ವಿಷಯ ಕೇಳಿ ನನಗೆ ತಲೆ ಸುತ್ತಿತು. ನನ್ನ ಮಷೀನ್ ಒಣಗಿಸುವಾಗಲೂ ನೀರು ತಗೊಳ್ಳುತ್ತದೆ! ಒಳಗಿನ ಹಬೆ ತಣ್ಣಗೆ ಮಾಡೋಕೆ ತಣ್ಣೀರು ಬೇಕಂತೆ. ನಮ್ಮ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ. ಬಟ್ಟೆ ಒಣಗಿಸೋಕೆ ಟ್ಯಾಂಕಿನ ನೀರು ಖಾಲಿ ಮಾಡಬೇಕಾ? ಇದನ್ನೂ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಮರುದಿನ ಆ ಸ್ಟಿಕರ್ ಹಿಡಿದುಕೊಂಡೇ ಅಂಗಡಿಗೆ ಹೋದೆ. ವಾಪಸ್ ತಗೊಂಡು ಬರೀ ಡ್ರೈಯರ್ ಕೊಡಿ, ಜಾಸ್ತಿ ಆದರೆ ದುಡ್ಡು ಕೊಡುತ್ತೇನೆ ಅಂದೆ. "ಬಳಸಿದ ಮಾಲ್ ವಾಪಸ್ ತಗೊಳಂಗಿಲ್ರಿ. ಬುಕ್ಕಿನ್ಯಾಗ ಎಲ್ಲಾ ಬರದೈತಿ, ನೀವು ಓದಬೇಕಿತ್ತು." ಬುಕ್ಕು ಡಬ್ಬಿಯೊಳಗೆ ಇತ್ತು. ಡಬ್ಬಿ ತೆರೆದಿದ್ದು ದುಡ್ಡು ಕೊಟ್ಟ ಮೇಲೆ. ನಾನು ಯಾವಾಗ ಓದಬೇಕಿತ್ತು ಹೇಳಿ? ನಾಲ್ಕು ಗಿರಾಕಿಗಳ ಮುಂದೆ ಹೀಗೆ ಅನ್ನಿಸಿಕೊಂಡು ಬಂದೆ.

ನೀವು ಹೋದರೆ ನಿಮ್ಮ ಮನೆಯ ಅತೀ ದೊಡ್ಡ ಬೆಡ್‌ಶೀಟ್ ಒದ್ದೆ ಮಾಡಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲೇ ಒಣಗಿಸಿ ತೋರಿಸಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ. ತೊಳೆಯೋದು ಎಷ್ಟು ಕೆಜಿ, ಒಣಗಿಸೋದು ಎಷ್ಟು ಕೆಜಿ, ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ನಂಬಲೇಬೇಡಿ. ಈಗಾಗಲೇ ಟು-ಇನ್-ಒನ್ ಇರೋರು ಬೆಡ್‌ಶೀಟ್ ಒಂದೇ ಹಾಕಿ, ಜೊತೆಗೆ ದಿಂಬಿನ ಕವರ್ ಬೇಡ. ಮಧ್ಯೆ ಒಮ್ಮೆ ನಿಲ್ಲಿಸಿ, ಬಿಡಿಸಿ, ಝಾಡಿಸಿ ಮತ್ತೆ ಹಾಕಿ. ನಾನು ಈಗ ಹಾಗೇ ಮಾಡುತ್ತಿದ್ದೇನೆ. ಒಂದು ಬೆಡ್‌ಶೀಟ್‌ಗೆ ಅರ್ಧ ದಿನ ಹೋಗುತ್ತದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಫೋಟೋ, ಕಿತ್ತ ಸ್ಟಿಕರ್ ಎಲ್ಲಾ ಎತ್ತಿಟ್ಟಿದ್ದೇನೆ. ನಿಮಗೂ ಯಾರಾದರೂ ಹೀಗೇ ಸ್ಟಿಕರ್ ಅಂಟಿಸಿ ಮಾರಿದ್ದರೆ ದಯವಿಟ್ಟು ಅದನ್ನು ಕಿತ್ತು ಬಿಸಾಡಬೇಡಿ. ಕೆಳಗಿನ ಅಂಕಿ ಕಾಣೋ ಹಾಗೆ ಒಂದು ಫೋಟೋ ತೆಗೆದಿಟ್ಟು ನನಗೆ ತಿಳಿಸಿ.