ಡೆಮೊ ಚೆನ್ನಾಗಿದೆ ಅಂತ ಆನ್‌ಲೈನ್ ಅಂಗಡಿಯ ಟೆಂಪ್ಲೇಟ್ ಕೊಳ್ಳುವ ಮುಂಚೆ

ಕೋಡ್ ಬರೆಯುವುದು ಬೇಡ, ಎಳೆದು ತಂದು ಕೂರಿಸಿದರೆ ಸಾಕು, ಸಂಜೆಯೊಳಗೆ ಅಂಗಡಿ ರೆಡಿ. ಇಂಥ ಮಾತು ನಂಬಿ ದುಡ್ಡು ಕಟ್ಟಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು, ನನ್ನ ಗೆಳತಿ ಸೇರಿ ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರುತ್ತೇವೆ. ಒಂದು ವಿಷುವಲ್ ಬಿಲ್ಡರ್‌ನಲ್ಲಿ, ಅಂದರೆ ಕೋಡ್ ಇಲ್ಲದೆ ಸೈಟ್ ಕಟ್ಟಲು ಬಿಡುವ ಸೇವೆಯಲ್ಲಿ, ಖಾತೆ ತೆರೆದು, ಅದಕ್ಕೆ ಒಪ್ಪುವ ಅಂಗಡಿ ಟೆಂಪ್ಲೇಟ್ (ಮೊದಲೇ ಮಾಡಿಟ್ಟ ವಿನ್ಯಾಸ) ಒಂದನ್ನು ಬೇರೆಯವರಿಂದ ಕೊಂಡೆವು. ಕೊಳ್ಳುವ ಮುಂಚೆ ಎಲ್ಲ ಕೇಳಿದ್ದೆವು. 'ಪೂರ್ತಿ ಕೆಲಸ ಮಾಡುವ ಅಂಗಡಿ' ಅಂತಲೇ ಹೇಳಿದ್ದರು. ಅಂಗಡಿ ತೆರೆಯಿತು, ಆರ್ಡರ್‌ಗಳೂ ಬಂದವು. ತಲೆನೋವು ಶುರುವಾಗಿದ್ದು ಆಮೇಲೆ.

ಮೊದಲು ಕೈಕೊಟ್ಟಿದ್ದು ಬೆಲೆ. ಮುಖಪುಟದಲ್ಲಿ 'ಹೊಸದಾಗಿ ಬಂದವು' ಅಂತ ಒಂದು ಸಾಲು ಇತ್ತು. ಚಿತ್ರ, ಹೆಸರು, ಬೆಲೆ, ಕೆಳಗೆ ಬಟನ್. ಯಾರು ನೋಡಿದರೂ ಅಂಗಡಿಯ ಪಟ್ಟಿಯಿಂದ ತಾನಾಗಿ ಬಂದಿದೆ ಅಂದುಕೊಳ್ಳಬೇಕು, ಹಾಗಿತ್ತು. ಬಂದಿರಲಿಲ್ಲ. ಟೆಂಪ್ಲೇಟ್ ಮಾಡಿದವರು ಒಂದು ಚಿತ್ರ, ಎರಡು ಟೆಕ್ಸ್ಟ್ ಬಾಕ್ಸ್, ಒಂದು ಬಟನ್ ಜೋಡಿಸಿ ಹಾಗೆ ಕಾಣಿಸುವಂತೆ ಮಾಡಿದ್ದರು. ಅಲ್ಲಿನ ಬೆಲೆ ಸುಮ್ನೆ ಟೈಪ್ ಮಾಡಿದ ಅಂಕಿ. ಅಂಗಡಿ ನಡೆಸುವ ಒಳಪುಟದಲ್ಲಿ, ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ, ನಾವು ಬೆಲೆ ಬದಲಿಸಿದಾಗ ಕಾರ್ಟ್‌ನಲ್ಲಿ ಬದಲಾಯಿತು, ಮುಖಪುಟದಲ್ಲಿ ಹಳೆಯದೇ ಉಳಿಯಿತು. 'ಹೊರಗೊಂದು ಬೆಲೆ, ಒಳಗೊಂದು ಬೆಲೆ ಇಟ್ಟಿದ್ದೀರಲ್ಲ' ಅಂತ ಗ್ರಾಹಕರು ಮೇಲ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅವರಿಗೆ ಕಂಡಿದ್ದು ಹಾಗೇ.

ಸ್ಟಾಕ್ ಕಥೆಯೂ ಅಷ್ಟೇ. ಖಾಲಿಯಾದ ನೋಟ್‌ಬುಕ್ ಮುಖಪುಟದಲ್ಲಿ ನಗುತ್ತಾ ಕೂತಿರುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಇದಕ್ಕೇ ಇರಬೇಕು.

ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಉಚಿತ ಟ್ರಯಲ್ ಇದ್ದರೆ ಎಡಿಟರ್ ತೆರೆದು ಬೆಲೆಯ ಮೇಲೆ ಡಬಲ್ ಕ್ಲಿಕ್ ಮಾಡಿ. ಕರ್ಸರ್ ಮಿನುಗಿ ಅಲ್ಲೇ ಟೈಪ್ ಮಾಡಲು ಬಿಟ್ಟರೆ ಅದು ಬರೀ ಅಕ್ಷರ ಅಂತ ಅನುಮಾನ ಪಡಿ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ವಸ್ತುವಿನ ಬೆಲೆ ಬದಲಿಸಿ, ಇನ್ನೊಂದರ ಸ್ಟಾಕ್ ಸೊನ್ನೆ ಮಾಡಿ. ಮುಖಪುಟ, ವಿಭಾಗದ ಪುಟ, ಹುಡುಕಾಟದ ಫಲಿತಾಂಶ, ಮೊಬೈಲ್ ನೋಟ, ಎಲ್ಲ ಕಡೆ ಬದಲಾಗಿದೆಯಾ ನೋಡಿ. ಮೊಬೈಲ್ ನೋಟವನ್ನು ಬಿಡಬೇಡಿ. ಕೆಲವು ಟೆಂಪ್ಲೇಟ್‌ಗಳಲ್ಲಿ ಕಂಪ್ಯೂಟರ್‌ಗೆ ಒಂದು ಸೆಕ್ಷನ್, ಫೋನ್‌ಗೆ ಇನ್ನೊಂದು ಸೆಕ್ಷನ್ ಮಾಡಿ, ಒಂದನ್ನು ಅಡಗಿಸಿಟ್ಟಿರುತ್ತಾರೆ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆಗೆ ಹೋಗುವುದಿಲ್ಲ.

ಬೆಲೆಯ ವಿಷಯದಲ್ಲಿ ಮುಜುಗರ ಅಷ್ಟೇ. ನಿಜವಾಗಿ ನಿದ್ದೆ ಕೆಡಿಸಿದ್ದು ಚೆಕ್‌ಔಟ್, ಅಂದರೆ ಹಣ ಕಟ್ಟುವ ಹಂತ. ಗ್ರಾಹಕರ ಖಾತೆಯಿಂದ ಹಣ ಹೋಗಿದೆ, ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಆರ್ಡರೇ ಇಲ್ಲ. ಹಣ ಪಡೆದು ನಮಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇಯ ಲೆಕ್ಕದಲ್ಲಿ ಹಣ ಬಂದಿರುತ್ತದೆ, ಯಾರು ಏನು ಕೊಂಡರು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ವಿಳಾಸ ಕೇಳಿ ನಾವೇ ಒಬ್ಬೊಬ್ಬರಿಗೂ ಬರೆಯಬೇಕಾಯಿತು. ಹಣ ಕಟ್ಟಿದವರಿಗೆ 'ನೀವು ಏನು ಕೊಂಡಿದ್ದು?' ಅಂತ ಅಂಗಡಿಯವರೇ ಕೇಳುವುದು ಎಂಥ ಅವಸ್ಥೆ, ಅಲ್ವಾ.

ಯಾಕೆ ಹೀಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಣ ಕಟ್ಟಿದ ಸುದ್ದಿ ಅಂಗಡಿಗೆ ಎರಡು ದಾರಿಯಲ್ಲಿ ಬರಬಹುದು. ಒಂದು, ಗ್ರಾಹಕರ ಬ್ರೌಸರ್ ಹಣ ಕಟ್ಟುವ ಪುಟದಿಂದ ವಾಪಸ್ ನಮ್ಮ 'ಧನ್ಯವಾದ' ಪುಟಕ್ಕೆ ಬರುವುದು. ಇನ್ನೊಂದು, ಗೇಟ್‌ವೇಯ ಸರ್ವರ್ ನೇರವಾಗಿ ಅಂಗಡಿಯ ಸರ್ವರ್‌ಗೆ ಸುದ್ದಿ ಕಳಿಸುವುದು. ಇದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಮೊದಲ ದಾರಿಯನ್ನು ನೆಚ್ಚುವಂತಿಲ್ಲ. ಫೋನ್‌ನಲ್ಲಿ ಪೇಮೆಂಟ್ ಆ್ಯಪ್‌ಗೆ ಹೋದವರು ಹಣ ಕಟ್ಟಿ ಅಲ್ಲಿಂದಲೇ ಹೊರಟುಬಿಡುತ್ತಾರೆ. ನೆಟ್ ಹೋಗುತ್ತದೆ. ಫೋನ್ ಬರುತ್ತದೆ. ಹಾಗಾಗಿ ಸರಿಯಾದ ಅಂಗಡಿ ವೆಬ್‌ಹುಕ್ ಬಂದ ಮೇಲೆ ಆರ್ಡರ್ ಪಕ್ಕಾ ಮಾಡುತ್ತದೆ. ಬಿಲ್ಡರ್‌ನ ಸ್ವಂತ ಚೆಕ್‌ಔಟ್ ಹಾಗೇ ಇತ್ತು. ಆದರೆ ನಮ್ಮ ಟೆಂಪ್ಲೇಟ್ ಅದನ್ನು ಪಕ್ಕಕ್ಕೆ ಸರಿಸಿ, 'ಒಂದೇ ಪುಟದ ಚೆಕ್‌ಔಟ್' ಅಂತ ತನ್ನದೇ ಒಂದು ವಿಜೆಟ್ (ಪುಟಕ್ಕೆ ಸೇರಿಸುವ ಸಣ್ಣ ತುಣುಕು) ಹಾಕಿತ್ತು. ಅದು ನೋಡಲು ಚೆಂದ. ಗ್ರಾಹಕರು ಧನ್ಯವಾದ ಪುಟಕ್ಕೆ ಬಂದು ಮುಟ್ಟಿದರೆ ಮಾತ್ರ ಆರ್ಡರ್ ಬರೆದುಕೊಳ್ಳುತ್ತಿತ್ತು. ಇನ್ನೂ ತಮಾಷೆ ಅಂದರೆ, ಆ ಪುಟವನ್ನು ಯಾರಾದರೂ ರಿಫ್ರೆಶ್ ಮಾಡಿದರೆ ಅದೇ ಆರ್ಡರ್ ಮತ್ತೊಮ್ಮೆ ಬೀಳುತ್ತಿತ್ತು.

ಆದ್ದರಿಂದ ಅಂಗಡಿ ತೆರೆಯುವ ಮುಂಚೆ ಗೇಟ್‌ವೇಯನ್ನು ಟೆಸ್ಟ್ ಮೋಡ್‌ಗೆ ಹಾಕಿ. ನಿಜವಾದ ಹಣ ಇಲ್ಲದೆ ಪರೀಕ್ಷಿಸಲು ಗೇಟ್‌ವೇಗಳು ಟೆಸ್ಟ್ ಕಾರ್ಡ್ ನಂಬರ್‌ಗಳನ್ನು ಕೊಡುತ್ತವೆ. ಸ್ಟ್ರೈಪ್ ಅನ್ನುವ ಗೇಟ್‌ವೇಯಲ್ಲಾದರೆ 4242 4242 4242 4242 ಹಾಕಿದರೆ ಪಾವತಿ ಆಗುತ್ತದೆ, 4000 0000 0000 0002 ಹಾಕಿದರೆ ತಿರಸ್ಕಾರ ಆಗುತ್ತದೆ. ಎಲ್ಲ ಸರಿಯಾಗಿ ಮುಗಿಯುವ ಆರ್ಡರ್ ಒಂದನ್ನು ಮಾಡಿ ಖುಷಿಪಟ್ಟು ಬಿಡಬೇಡಿ. ಹಣ ಕಟ್ಟಿದ ತಕ್ಷಣ ಟ್ಯಾಬ್ ಮುಚ್ಚಿ. ಆರ್ಡರ್ ಬಂತಾ? ಧನ್ಯವಾದ ಪುಟವನ್ನು ರಿಫ್ರೆಶ್ ಮಾಡಿ. ಎರಡಾಯಿತಾ? ತಿರಸ್ಕಾರವಾದ ಪಾವತಿಗೂ 'ನಿಮ್ಮ ಆರ್ಡರ್ ಸ್ವೀಕರಿಸಿದ್ದೇವೆ' ಅಂತ ಮೇಲ್ ಹೋಯಿತಾ? ಟೆಂಪ್ಲೇಟ್ ತನ್ನದೇ ಚೆಕ್‌ಔಟ್ ತಂದಿದ್ದರೆ ಅದನ್ನು ತೆಗೆದು, ಬಿಲ್ಡರ್‌ನ ಚೆಕ್‌ಔಟ್ ಇಟ್ಟುಕೊಳ್ಳಿ. ಅಂದ ಸ್ವಲ್ಪ ಕಮ್ಮಿಯಾದರೂ ಅಡ್ಡಿಯಿಲ್ಲ.

ಕನ್ನಡದಲ್ಲಿ ಅಂಗಡಿ ಇಡುವವರಿಗೆ ಇನ್ನೊಂದು ಕಿರಿಕಿರಿ ಕಾದಿದೆ. ಡೆಮೊದಲ್ಲಿ ಎಲ್ಲ ಹೆಸರೂ ಎರಡೇ ಪದದ ಇಂಗ್ಲಿಷ್. ಅಲ್ಲಿ ಕನ್ನಡ ಹಾಕಿದ ಕೂಡಲೇ ಅಂದ ಕೆಡುತ್ತದೆ. ಟೆಂಪ್ಲೇಟ್‌ನ ಫಾಂಟ್‌ನಲ್ಲಿ ಬಹಳ ಸಲ ಕನ್ನಡ ಅಕ್ಷರಗಳೇ ಇರುವುದಿಲ್ಲ, ಹಾಗಾಗಿ ಬ್ರೌಸರ್ ತನಗೆ ಸಿಕ್ಕ ಫಾಂಟ್ ಹಾಕುತ್ತದೆ. ಇಂಗ್ಲಿಷ್‌ಗೆ ಅಂತ ಸಾಲಿನ ಎತ್ತರ ಬಿಗಿ ಮಾಡಿರುವುದರಿಂದ ಬಟನ್‌ಗಳಲ್ಲಿ ಒತ್ತಕ್ಷರ ಅರ್ಧ ಕತ್ತರಿಸಿಹೋಗುತ್ತದೆ. ನೋಟೋ ಸಾನ್ಸ್ ಕನ್ನಡ ಥರದ ಫಾಂಟ್ ಸೇರಿಸಿ, ಸಾಲಿನ ಎತ್ತರ ಹೆಚ್ಚಿಸಿದರೆ ಇದು ಸರಿಹೋಗುತ್ತದೆ. ಆದರೆ ಹಾಗೆ ಬದಲಿಸಲು ಬಿಡುತ್ತಾರಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮ ಟೆಂಪ್ಲೇಟ್‌ನಲ್ಲಿ ಕಾರ್ಟ್ ಪಕ್ಕದ ಪಟ್ಟಿಗೆ ಮಾತ್ರ ಅದು ಸಾಧ್ಯವಿರಲಿಲ್ಲ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಒಳ್ಳೆಯದು. ಲಿಂಕ್ ಕಾಪಿ ಮಾಡಿದರೆ 'ಕ' ಒಂದೇ ಅಕ್ಷರ %E0%B2%95 ಅಂತ ಒಂಬತ್ತು ಗುರುತಾಗಿ ಬರುತ್ತದೆ. ಇಡೀ ಹೆಸರಿನ ಗತಿ ಊಹಿಸಿಕೊಳ್ಳಿ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಕೊಳ್ಳುವ ಮುಂಚೆ ಡೆಮೊದ ವಿಳಾಸವನ್ನೇ ವೇಗ ಅಳೆಯುವ ಗೂಗಲ್‌ನ ಸಾಧನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ಗೆ ಹಾಕಿ, ಮೊಬೈಲ್ ಅಂಕ ನೋಡಿ. ಅವರ ಡೆಮೊವೇ ತೆವಳುತ್ತಿದ್ದರೆ ನಿಮ್ಮದು ಓಡುವುದಿಲ್ಲ. ಡೆಮೊದಲ್ಲಿರುವ ಫೋಟೊಗಳು ನಿಮಗೆ ಬಳಸಲು ಸಿಗುತ್ತವೆ ಅಂತಲೂ ಅಂದುಕೊಳ್ಳಬೇಡಿ, ಲೈಸೆನ್ಸ್ ಓದಿ.

ಇಷ್ಟೆಲ್ಲ ಆದಾಗ ಸಹಾಯ ಕೇಳಿದೆವು. ಬಿಲ್ಡರ್‌ನವರು 'ಅದು ಟೆಂಪ್ಲೇಟ್ ಸಮಸ್ಯೆ' ಅಂದರು. ಟೆಂಪ್ಲೇಟ್‌ನವರು 'ಗೇಟ್‌ವೇ ಕಡೆ ಕೇಳಿ' ಅಂದರು. ಗೇಟ್‌ವೇಯವರು 'ನಮ್ಮಿಂದ ಸುದ್ದಿ ಹೋಗಿದೆ, ನಿಮ್ಮ ಸೈಟ್ ತೆಗೆದುಕೊಂಡಿಲ್ಲ' ಅಂದರು. ಮೂವರಲ್ಲಿ ಸಾಕ್ಷಿ ಸಮೇತ ಹೇಳಿದ್ದು ಕೊನೆಯವರು. ಅವರ ವೆಬ್‌ಹುಕ್ ಲಾಗ್‌ನಲ್ಲಿ (ದಾಖಲೆಯಲ್ಲಿ) ಒಂದೊಂದು ಸಲವೂ ಏನಾಯಿತು ಅಂತ ಸಮಯ ಸಮೇತ ಇತ್ತು. ಅದರ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಟೆಂಪ್ಲೇಟ್‌ನವರ ಉತ್ತರವೇ ನಿಂತುಹೋಯಿತು. ದುಡ್ಡು ವಾಪಸ್ ಕೇಳಿದಾಗ ಮಾತ್ರ, ಡೌನ್‌ಲೋಡ್ ಆದ ಡಿಜಿಟಲ್ ವಸ್ತುವಿಗೆ ವಾಪಸಾತಿ ಇಲ್ಲ ಅನ್ನುವ ಷರತ್ತು ತೋರಿಸಿದರು.

ಕೊನೆಗೆ ಬೇರೆ ಕಡೆ ಹೋಗೋಣ ಅಂತ ಹೊರಟೆವು. ಹೊರಗೆ ಹೋಗುವ ಬಾಗಿಲು ಎಷ್ಟು ಕಿರಿದು ಅಂತ ಗೊತ್ತಾಗಿದ್ದು ಆಗ. ವಿನ್ಯಾಸ ಜೊತೆಗೆ ಬರುವುದಿಲ್ಲ, ಅದು ಆ ಬಿಲ್ಡರ್‌ನೊಳಗೆ ಮಾತ್ರ ಬದುಕುತ್ತದೆ. ವಸ್ತುಗಳ ಪಟ್ಟಿ ಸಿಎಸ್‌ವಿ ಫೈಲ್ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಸಾದಾ ಪಟ್ಟಿ) ಆಗಿ ಸಿಕ್ಕಿತು. ಆದರೆ ಅದರಲ್ಲಿ ಚಿತ್ರಗಳ ಜಾಗದಲ್ಲಿ ಇದ್ದಿದ್ದು ಬಿಲ್ಡರ್‌ನ ಸರ್ವರ್‌ಗೆ ಲಿಂಕ್. ಖಾತೆ ಮುಚ್ಚಿದರೆ ಲಿಂಕ್ ಸತ್ತಂತೆ. ಗ್ರಾಹಕರ ಪಾಸ್‌ವರ್ಡ್‌ಗಳು ಬರಲಿಲ್ಲ, ಅವರೆಲ್ಲ ಹೊಸದು ಹಾಕಿಕೊಳ್ಳಬೇಕಾಯಿತು. ಆರ್ಡರ್ ಇತಿಹಾಸ ಬೇರೆಯೇ ಫೈಲ್, ಬಣ್ಣ ಮತ್ತು ಗಾತ್ರದ ಆಯ್ಕೆಗಳೆಲ್ಲ ಒಂದೇ ಕಾಲಂನಲ್ಲಿ ತುರುಕಿದ್ದವು.

ಡೊಮೇನ್, ಅಂದರೆ ಸೈಟ್‌ನ ವಿಳಾಸದ ಹೆಸರಿನ ವಿಷಯ ಬೇರೆಯೇ ಹೇಳಬೇಕು. ಪ್ಲಾನ್ ಜೊತೆ ಉಚಿತವಾಗಿ ಬರುತ್ತದೆ ಅಂತ ಬಿಲ್ಡರ್‌ನಿಂದಲೇ ತೆಗೆದುಕೊಂಡರೆ, ನೋಂದಣಿ ಯಾರ ಹೆಸರಲ್ಲಿದೆ ಅಂತ ನೋಡಿ. ಡಾಟ್ ಕಾಮ್ ಥರದ ಹೆಸರುಗಳನ್ನು ಸಾಮಾನ್ಯವಾಗಿ ನೋಂದಣಿಯಾದ ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ (ಹೆಸರು ನೋಂದಾಯಿಸುವ ಕಂಪನಿಗೆ) ವರ್ಗಾಯಿಸಲು ಆಗುವುದಿಲ್ಲ. ಆಮೇಲೂ ಅವರು ಕೊಡುವ ವರ್ಗಾವಣೆ ಕೋಡ್ ಬೇಕು. ಬೇರೆ ರಿಜಿಸ್ಟ್ರಾರ್ ಹತ್ತಿರ ನಿಮ್ಮ ಹೆಸರಲ್ಲೇ ಕೊಂಡು, ಬಿಲ್ಡರ್‌ಗೆ ಜೋಡಿಸಿಕೊಳ್ಳುವುದೇ ವಾಸಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ, ಖಾತೆ ಮುಚ್ಚುವ ಮುಂಚೆ ಚಿತ್ರಗಳನ್ನೆಲ್ಲ ಇಳಿಸಿಕೊಳ್ಳಿ. ಹಳೆಯ ಪುಟಗಳ ವಿಳಾಸಗಳನ್ನು ಒಂದು ಶೀಟ್‌ನಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಪ್ರತಿಯೊಂದಕ್ಕೂ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕದಿದ್ದರೆ ಗೂಗಲ್‌ನಿಂದ ಬರುವವರಿಗೆ ಸಿಗುವುದು 'ಪುಟ ಸಿಗಲಿಲ್ಲ' ಅನ್ನುವ ಸಂದೇಶ. ಆಟೋ ರಿನ್ಯೂವಲ್ ಆಫ್ ಮಾಡಿ, ಆಫ್ ಆಯಿತು ಅಂತ ಬರುವ ಮೇಲ್ ಎತ್ತಿಟ್ಟುಕೊಳ್ಳಿ. ಬಿಲ್ಡರ್‌ನ ಪ್ಲಾನ್ ರದ್ದು ಮಾಡಿದರೂ ಟೆಂಪ್ಲೇಟ್‌ನ ಚೆಕ್‌ಔಟ್ ವಿಜೆಟ್‌ಗೆ ಬೇರೆ ಚಂದಾ ಇದ್ದರೆ, ಅದು ತಾನಾಗಿ ನಿಲ್ಲುವುದಿಲ್ಲ. ನಮಗೆ ಅಂಗಡಿ ಮುಚ್ಚಿದ ಮೇಲೂ ಅದರ ಬಿಲ್ ಬಂದಿತ್ತು.