ಐದು ಸ್ಟಾರಿನ ಹುಡುಗಿ, ಒಂದು ಸ್ಟಾರಿನ ಫ್ರಿಜ್ಜು

ಕುವೆಂಪುನಗರದ ಈ ಲ್ಯಾಬಿಗೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ರಕ್ತ ತೆಗೆದ ಹುಡುಗಿಗೆ ಐದು, ಕೌಂಟರಿನಲ್ಲಿ ಕೂತಿದ್ದವನಿಗೆ ಒಂದು. ಸರಾಸರಿ ಹಾಕಿದರೆ ಅಷ್ಟೇ ಬರುವುದು. ಹೆಸರು ಬೇಡ. ಆ ಹುಡುಗಿಯ ಕೆಲಸಕ್ಕೆ ಕುತ್ತು ಬರಬಾರದು.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನೀಷಿಯನ್ ಆಗಿದ್ದವಳು. ರಿಟೈರ್ ಆಗಿ ಮಗಳ ಮನೆ ಹತ್ತಿರ ಅಂತ ಮೈಸೂರಿಗೆ ಬಂದು ನಾಲ್ಕು ವರ್ಷ. ಕಳೆದ ತಿಂಗಳು ಮಳವಳ್ಳಿ ಕಡೆ ಒಂದು ಬೀಗರೂಟ ಮುಗಿಸಿ ಬಂದ ಹತ್ತು ದಿನಕ್ಕೆ ನಮ್ಮ ಯಜಮಾನರಿಗೆ ಜ್ವರ ಹಿಡಿಯಿತು. ಬೆಳಗ್ಗೆ ಪರವಾಗಿಲ್ಲ, ಸಂಜೆಯಾದರೆ ಏರುವುದು. ನಾಲಗೆ ಬೆಳ್ಳಗೆ, ಹೊಟ್ಟೆ ಭಾರ. ನಮ್ಮಜ್ಜಿ ಇದಕ್ಕೆ ವಿಷಮಶೀತ ಜ್ವರ ಅನ್ನುತ್ತಿದ್ದರು, ಅಂದರೆ ಟೈಫಾಯ್ಡ್. ಐದನೇ ದಿನ ಡಾಕ್ಟರು ರಕ್ತಕಣ ಎಣಿಸುವ ಸಿಬಿಸಿ, ಡೆಂಗಿ, ಟೈಫಾಯ್ಡಿಗೆ ವಿಡಾಲ್ ಅನ್ನುವ ಪರೀಕ್ಷೆ ಬರೆದರು. ಜೊತೆಗೆ ಆ್ಯಂಟಿಬಯಾಟಿಕ್ಕನ್ನೂ ಬರೆದು "ಇವತ್ತಿಂದಲೇ ಶುರು ಮಾಡಿ" ಅಂದರು.

ಚೀಟಿ ಹಿಡಿದುಕೊಂಡು ಮೊದಲು ಲ್ಯಾಬಿಗೆ ಹೋದೆವು. ಮೆಡಿಕಲ್ ಸ್ಟೋರಿಗಲ್ಲ. ನನಗೆ ಬ್ಲಡ್ ಕಲ್ಚರ್ ಮಾಡಿಸಬೇಕಿತ್ತು, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಮಾತ್ರೆ ಒಂದು ಡೋಸ್ ಒಳಗೆ ಹೋದರೂ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯದೆ ಹೋಗಬಹುದು. ಎರಡು ಗಂಟೆ ತಡವಾದರೆ ಮುಳುಗಿಹೋಗುವುದೇನಿಲ್ಲ.

ಕೌಂಟರಿನವನು "ಫೀವರ್ ಪ್ಯಾಕೇಜ್ ಇದೆ ಆಂಟಿ, ವಿಡಾಲ್ ಅದರಲ್ಲೇ ಬಂತು, ಸಂಜೆ ವಾಟ್ಸಾಪಿಗೇ ಬರುತ್ತೆ" ಅಂದ. ಬ್ಲಡ್ ಕಲ್ಚರೂ ಬೇಕು ಅಂದೆ. "ಡಾಕ್ಟರು ಬರೆದೇ ಇಲ್ವಲ್ಲಾ. ಐದು ದಿನ ಆಗುತ್ತೆ, ಸಾವಿರದ ನೂರು ರೂಪಾಯಿ ಬೇರೆ. ವಿಡಾಲ್ ಇದ್ದಾಗ ಯಾಕೆ ಸುಮ್ಮನೆ?" ನಮ್ಮೆಜಮಾನರೂ ಅವನ ಕಡೆಗೇ ವಾಲಿದರು. ದುಡ್ಡಿನ ಮಾತು ಬಂದರೆ ಅವರು ಯಾವಾಗಲೂ ಕೌಂಟರಿನವರ ಪಾರ್ಟಿ.

ಯಾಕೆ ಸುಮ್ಮನೆ ಅಂದರೆ, ಆ ವಿಡಾಲ್ ಪರೀಕ್ಷೆ 1896ರದ್ದು. ಪ್ಯಾರಿಸ್ಸಿನ ಫರ್ನಾಂಡ್ ವಿಡಾಲ್ ಅನ್ನುವ ವೈದ್ಯರು ರೋಗಿಯ ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ಟೈಫಾಯ್ಡ್ ಬ್ಯಾಕ್ಟೀರಿಯಾ ಬೆರೆಸಿ, ಅವು ಗುಂಪುಗುಂಪಾಗಿ ಅಂಟಿಕೊಳ್ಳುವುದನ್ನು ರೋಗದ ಗುರುತಾಗಿ ಹಿಡಿದರು. ಬ್ರಿಟಿಷ್ ಸೈನ್ಯಕ್ಕೆ ಇದು ಹಬ್ಬದಂತಿತ್ತು. ದಂಡಿನ ಊರುಗಳಲ್ಲಿ ಇಂಗ್ಲೆಂಡಿನಿಂದ ಹೊಸದಾಗಿ ಬಂದ ಸಿಪಾಯಿಗಳು ಈ ಜ್ವರದಲ್ಲೇ ಸಾಯುತ್ತಿದ್ದರು. ನಮ್ಮದು ಮಹಾರಾಜರ ರಾಜ್ಯವಾದರೂ ಬೆಂಗಳೂರು ದಂಡು ಅವರ ಕೈಯಲ್ಲೇ ಇತ್ತಲ್ಲ. ಇದು ಬಿಳಿಯರ ಕಾಯಿಲೆ, ದೇಶಿಯರಿಗೆ ಅಪರೂಪ ಅಂತ ಅವರ ವೈದ್ಯರಲ್ಲಿ ಬಹಳ ಜನ ಬಹಳ ಕಾಲ ನಂಬಿದ್ದರು. ನಮ್ಮವರ ಜ್ವರವೆಲ್ಲ ಅವರ ಲೆಕ್ಕದಲ್ಲಿ ಮಲೇರಿಯಾ, ಇಲ್ಲವೇ ಬರೀ "ಜ್ವರ". ಲ್ಯಾಬುಗಳು ಬಂದಮೇಲೆ ಆ ನಂಬಿಕೆ ಸಡಿಲವಾಯಿತು. ಟೈಫಾಯ್ಡ್ ಇಲ್ಲಿನವರಲ್ಲೂ ಮಾಮೂಲು ಅಂತ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಅಂಥವರು ತೋರಿಸಿಕೊಟ್ಟರು.

ತೊಡಕು ಇರುವುದೂ ಅಲ್ಲೇ. ಚಿಕ್ಕಂದಿನಿಂದ ಇದೇ ನೀರು ಕುಡಿದು ಬೆಳೆದವರ ರಕ್ತದಲ್ಲಿ ಎಂದೋ ಬಂದುಹೋದ ಸೋಂಕಿನ ಎದುರು ದೇಹ ಮಾಡಿಕೊಂಡ, ಬ್ಯಾಕ್ಟೀರಿಯಾಗಳನ್ನು ಅಂಟಿಸುವ ಪ್ರತಿಕಾಯ ಉಳಿದೇ ಇರುತ್ತದೆ. ವಿಡಾಲ್ ಅದನ್ನೂ ಹಿಡಿಯುತ್ತದೆ. ಈ ಮನುಷ್ಯನಿಗೆ ಎಂದಾದರೂ ಟೈಫಾಯ್ಡ್ ತಗುಲಿತ್ತೇ ಅಂತ ಕೇಳಿದರೆ ಹೇಳೀತು, ಇವತ್ತಿನ ಜ್ವರ ಅದೇನಾ ಅಂತ ಕೇಳಿದರೆ ತಡವರಿಸುತ್ತದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೂ ಇದೇ ಫಜೀತಿಯಾಯಿತು. ಟೈಫಾಯ್ಡ್, ಅದೇ ಬಗೆಯ ಜ್ವರಗಳಾದ ಪ್ಯಾರಾಟೈಫಾಯ್ಡ್ ಎ, ಬಿ ಮೂರಕ್ಕೂ ಸೇರಿಸಿ ಟಿಎಬಿ ಲಸಿಕೆ ಹಾಕಿದರು. ಆಮೇಲೆ ಲಸಿಕೆ ಹಾಕಿಸಿಕೊಂಡ ಗಟ್ಟಿಮುಟ್ಟಾದ ಸಿಪಾಯಿಯ ವಿಡಾಲೂ ಪಾಸಿಟಿವ್! ಆಕ್ಸ್‌ಫರ್ಡಿನ ಜಾರ್ಜಸ್ ಡ್ರೇಯರ್ ಅದಕ್ಕೆ ದಾರಿ ಹುಡುಕಿದರು: ಕೆಲವು ದಿನ ಬಿಟ್ಟು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಅಂಕಿ ಏರುತ್ತಿದೆಯಾ ಅಂತ ನೋಡುವುದು.

ಡ್ರೇಯರ್ ಹೆಸರು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ತಳ ಚೂಪಾಗಿರುವ ಸಣ್ಣ ಗಾಜಿನ ಡ್ರೇಯರ್ ಟ್ಯೂಬುಗಳನ್ನು ಸಾವಿರಗಟ್ಟಲೆ ತೊಳೆದಿದ್ದೇನೆ. ಬ್ರಷ್ ಕೂಡ ತಳ ಮುಟ್ಟುತ್ತಿರಲಿಲ್ಲ. ತಳ ಗುಂಡಗಿರುವವು ಫೆಲಿಕ್ಸ್ ಟ್ಯೂಬು. ವಿಡಾಲ್ ಎರಡು ಬಗೆಯ ಪ್ರತಿಕಾಯ ನೋಡುತ್ತದೆ: ಬ್ಯಾಕ್ಟೀರಿಯಾದ ಬಾಲದ ಎದುರಿನದು ಎಚ್, ಮೈಯ ಎದುರಿನದು ಒ. ಎಚ್‌ಗೆ ಡ್ರೇಯರ್, ಒ‌ಗೆ ಫೆಲಿಕ್ಸ್. ರಾತ್ರಿಯೆಲ್ಲ ಇಟ್ಟು ಬೆಳಗ್ಗೆ ಬೆಳಕಿಗೆ ಹಿಡಿದರೆ ಎಚ್ ಹತ್ತಿಯ ಎಳೆಯ ಹಾಗೆ ಸಡಿಲವಾಗಿ ಕೂತಿರುತ್ತಿತ್ತು, ಒ ರವೆಯ ಹಾಗೆ ಸಣ್ಣಗೆ. ಈಗ ಸ್ಲೈಡಿನ ಮೇಲೆ ನೀಲಿ ಒಂದು ಹನಿ, ಕೆಂಪು ಒಂದು ಹನಿ, ಆ ಕಡೆ ಈ ಕಡೆ ಅಲ್ಲಾಡಿಸಿ ಒಂದು ನಿಮಿಷದಲ್ಲಿ ರಿಪೋರ್ಟು. ಎರಡನೇ ಸಲ ಏರಿಕೆ ನೋಡೋಣ ಅಂತ ಯಾರೂ ಬರುವುದಿಲ್ಲ.

ಇಷ್ಟನ್ನೂ ಕೌಂಟರಿನಲ್ಲಿ ಹೇಳಲಿಲ್ಲ. ಹಿಂದೆ ಲೈನ್ ಇತ್ತು. "ಹಾಕಪ್ಪ ಬಿಲ್ಲು" ಅಂದೆ.

ಒಳಗಿದ್ದ ಹುಡುಗಿ ಅಪ್ಪಟ ಕೆಲಸಗಾತಿ. ಬಾಟಲಿಯ ಮುಚ್ಚಳದ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿಟ್ಟಳು. ತೋಳಿಗೆ ಮೊದಲು ಸ್ಪಿರಿಟ್ಟು, ಆಮೇಲೆ ಬೆಟಾಡಿನ್, ಮತ್ತೆ ಅದು ಒಣಗುವವರೆಗೂ ಕಾದಳು. ಈ ಕಾಯುವುದನ್ನು ಮಾಡದ ಎಷ್ಟು ಜನರನ್ನು ನಾನು ಬೈದಿಲ್ಲ! ಒಣಗುವ ಮುಂಚೆ ಚುಚ್ಚಿದರೆ ಚರ್ಮದ ಮೇಲಿನ ಕ್ರಿಮಿಯೇ ಬಾಟಲಿಯಲ್ಲಿ ಬೆಳೆದು ಕೂರುತ್ತದೆ. ಪೂರಾ ಹತ್ತು ಎಂಎಲ್ ತೆಗೆದಳು. "ಇಷ್ಟೊಂದಾ?" ಅಂತ ಇವರು ಕಣ್ಣುಬಿಟ್ಟರು. ಟೈಫಾಯ್ಡಿನಲ್ಲಿ ಒಂದು ಎಂಎಲ್ ರಕ್ತದಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕರೆ ಅದೇ ಪುಣ್ಯ. ಎರಡು ಎಂಎಲ್ ತೆಗೆದು ಕಲ್ಚರ್ ಅನ್ನುವುದು ಕೆರೆಗೆ ಲೋಟ ಅದ್ದಿ ಮೀನಿಲ್ಲ ಅಂದ ಹಾಗೆ.

ಇನ್ನು ಫ್ರಿಜ್ಜಿನ ವಿಷಯ. ಅವಳು ಬಾಟಲಿಗೆ ಹೆಸರು ಬರೆದು ಕಿಟಕಿ ಹತ್ತಿರ ಕೊಟ್ಟಳೋ ಇಲ್ಲವೋ, ಕೌಂಟರಿನವನು ಅದನ್ನು ಬೇರೆ ಸ್ಯಾಂಪಲ್ಲುಗಳ ಜೊತೆ ಸೇರಿಸಿ ಫ್ರಿಜ್ಜಿನ ಬಾಗಿಲು ತೆಗೆದ. "ಏಯ್, ಇಡಬೇಡ!" ಅಂತ ನಾನು ಕೂಗಿದ್ದಕ್ಕೆ ಕಾಯುತ್ತಿದ್ದ ಮಗುವೊಂದು ಅತ್ತೇಬಿಟ್ಟಿತು. ಕಲ್ಚರ್ ಬಾಟಲಿ ಹೊರಗಿನ ಶಾಖದಲ್ಲೇ ಇರಬೇಕು. ಬೆಳೆಯಲಿ ಅಂತ ತಾನೇ ತೆಗೆದದ್ದು, ಥಂಡಿಗೆ ಇಟ್ಟರೆ ಏನು ಬೆಳೆದೀತು? "ಬೆಂಗಳೂರಿಗೆ ಹೋಗೋ ಗಾಡಿ ಮೂರು ಗಂಟೆಗೆ ಆಂಟಿ, ಅಲ್ಲೀವರೆಗೂ ಎಲ್ಲಿಡಲಿ?" ಅಂದ. "ಟೇಬಲ್ ಮೇಲೆ ಇಡು, ನಿನ್ನ ಟಿಫನ್ ಬಾಕ್ಸ್ ಪಕ್ಕ" ಅಂದೆ. ಆ ಹುಡುಗಿ ಮುಖ ತಿರುಗಿಸಿಕೊಂಡು ನಕ್ಕಳು.

ಸಂಜೆ ವಾಟ್ಸಾಪಿಗೆ ಬಂತು ನೋಡಿ: ಡೆಂಗಿ ನೆಗೆಟಿವ್. ಬಿಳಿ ರಕ್ತಕಣ ಸ್ವಲ್ಪ ಕಮ್ಮಿ, ಅದರಲ್ಲಿ ಇಯೊಸಿನೊಫಿಲ್ ಅನ್ನುವ ಬಗೆ ಸೊನ್ನೆ. ವಿಡಾಲಿನಲ್ಲಿ ಒ 1:80, ಎಚ್ 1:160, ಪ್ಯಾರಾಟೈಫಾಯ್ಡ್ ಎಗೆ ನೋಡುವ ಎಎಚ್ 1:40, ಬಿಗೆ ನೋಡುವ ಬಿಎಚ್ 1:20ಕ್ಕಿಂತ ಕಮ್ಮಿ. ಸೀರಮ್ಮನ್ನು ಎಷ್ಟು ಪಟ್ಟು ತೆಳುಮಾಡಿದರೂ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ ಅನ್ನುವ ಲೆಕ್ಕ ಇದು. ಎಚ್ ಪಕ್ಕ ದಪ್ಪ ಅಕ್ಷರದಲ್ಲಿ "ಪಾಸಿಟಿವ್" ಅಂತ, ಅದಕ್ಕೊಂದು ಚುಕ್ಕಿ. ಇವರಿಗೆ ಹೈಸ್ಕೂಲಿನಲ್ಲಿದ್ದಾಗ ಟೈಫಾಯ್ಡ್ ಬಂದು ಒಂದು ವರ್ಷ ಪರೀಕ್ಷೆಗೇ ಕೂತಿರಲಿಲ್ಲ. ಆ ಎಚ್ ಅಂಕಿಯಲ್ಲಿ ಹಳೆಯ ಕಥೆ ಎಷ್ಟು, ಹೊಸದು ಎಷ್ಟು ಅಂತ ಹೇಗೆ ಬಿಡಿಸುವುದು? "ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ" ಅಂತ ರಿಪೋರ್ಟಿನ ಕೆಳಗೆ ಒಂದು ಸಾಲು ಹಾಕಬಹುದಿತ್ತು. ಅದರ ಬದಲು ಫುಲ್ ಬಾಡಿ ಚೆಕಪ್ಪಿಗೆ ಡಿಸ್ಕೌಂಟಿನ ಜಾಹೀರಾತಿತ್ತು.

ಮೂರನೇ ದಿನ ಫೋನ್ ಬರಲಿಲ್ಲ. ನಾನೇ ಹೋಗಿ ಕೂತೆ. ಆ ಹುಡುಗಿ ಬೆಂಗಳೂರಿಗೆ ಫೋನ್ ಹಚ್ಚಿ ಕೇಳಿದಳು. ಬಾಟಲಿ ಹಿಂದಿನ ದಿನವೇ ಪಾಸಿಟಿವ್ ಆಗಿತ್ತಂತೆ, ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕಾಂಕಿ ಪ್ಲೇಟಿನಲ್ಲಿ ಟೈಫಾಯ್ಡ್ ಗುಂಪಿನವುಗಳ ಹಾಗೆ ಬಣ್ಣವಿಲ್ಲದ ಕಾಲೊನಿ ಬಂದಿದೆಯಂತೆ. ಬಾಟಲಿ ಪಾಸಿಟಿವ್ ಆದ ಗಳಿಗೆಯೇ ರೋಗಿಗೋ ಡಾಕ್ಟರಿಗೋ ತಿಳಿಸಬೇಕು. ಇಲ್ಲಿ ಆ ರೂಢಿಯೇ ಇಲ್ಲ. ಫೈನಲ್ ರಿಪೋರ್ಟ್ ಬಂದಮೇಲೆ ಒಂದು ಮೆಸೇಜು ಅಷ್ಟೇ. ಸ್ಟಾರ್ ನಾನು ಕಿತ್ತುಕೊಂಡದ್ದು ಫ್ರಿಜ್ಜಿಗಿಂತ ಹೆಚ್ಚಾಗಿ ಇದಕ್ಕೆ.

ಐದನೇ ದಿನದ ರಿಪೋರ್ಟಿನಲ್ಲಿ ಇದ್ದದ್ದು ಸಾಲ್ಮೊನೆಲ್ಲಾ ಪ್ಯಾರಾಟೈಫಿ ಎ, ಅಂದರೆ ಪ್ಯಾರಾಟೈಫಾಯ್ಡ್ ಎ ತರುವ ಬ್ಯಾಕ್ಟೀರಿಯಾ. ವಿಡಾಲ್ ಚುಕ್ಕಿ ಇಟ್ಟಿದ್ದು ಟೈಫಾಯ್ಡಿಗೆ, ಬಾಟಲಿಯಲ್ಲಿ ಬೆಳೆದದ್ದು ಅದರ ದಾಯಾದಿ! ಎಎಚ್ 1:40 ಅಂತ ಸುಮ್ಮನೆ ಕೂತಿತ್ತಲ್ಲ, ಅಪರಾಧಿ ಆ ಸಾಲಿನವನು. ಯಾವ ಔಷಧಿ ಕೆಲಸ ಮಾಡುತ್ತೆ ಅನ್ನುವ ಪಟ್ಟಿಯೂ ಜೊತೆಗಿತ್ತು: ಸಿಪ್ರೊಫ್ಲಾಕ್ಸಸಿನ್ನಿಗೆ ಬಗ್ಗುವುದಿಲ್ಲ, ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ನಿಗೆ ಬಗ್ಗುತ್ತದೆ. ಡಾಕ್ಟರು ಮೊದಲು ಬರೆದಿದ್ದು ಸಿಪ್ರೊ. ಪಟ್ಟಿ ನೋಡಿ ಎರಡು ಮಾತಾಡದೆ ಬದಲಾಯಿಸಿದರು. ಒಳ್ಳೆಯ ಡಾಕ್ಟರು.

ಕಲ್ಚರನ್ನು ತಲೆ ಮೇಲೆ ಹೊತ್ತುಕೊಂಡು ಮೆರೆಸುವವಳೂ ಅಲ್ಲ ನಾನು. ಹತ್ತು ಟೈಫಾಯ್ಡ್ ರೋಗಿಗಳಲ್ಲಿ ಐದಾರು ಜನರದ್ದು ಬೆಳೆದರೆ ಹೆಚ್ಚು. ಬೆಳೆಯಲಿಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಆದರೆ ಬೆಳೆದರೆ ಹೆಸರು ಹೇಳುತ್ತದೆ, ಮದ್ದೂ ಹೇಳುತ್ತದೆ. 1948ರಲ್ಲಿ ಮಲಯಾದ ಕ್ವಾಲಾಲಂಪುರದಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟು ಟೈಫಾಯ್ಡ್ ವಾಸಿಮಾಡುವವರೆಗೆ ಯಾವ ಪರೀಕ್ಷೆ ಏನು ಹೇಳಿದರೂ ಮಾಡುವುದು ಅಷ್ಟರಲ್ಲೇ ಇತ್ತು, ಗಂಜಿ ಮತ್ತು ಆರೈಕೆ. ಈಗ ಹಾಗಲ್ಲ, ಹೆಸರು ತಪ್ಪಿದರೆ, ಮದ್ದು ತಪ್ಪಿದರೆ ದುಡ್ಡೂ ಹೋಯಿತು, ಇನ್ನೊಂದು ವಾರವೂ ಹೋಯಿತು.

ಹೋಗುವವರಿಗೆ: ಬೆಳಗ್ಗೆ ಎಂಟರಿಂದ ಎರಡರವರೆಗೆ ಆ ಹುಡುಗಿ ಇರುತ್ತಾಳೆ, ಅವಳಿದ್ದಾಗಲೇ ಹೋಗಿ. ಶನಿವಾರ ಮಧ್ಯಾಹ್ನ ಕಲ್ಚರ್ ಕೊಡಬೇಡಿ, ಗಾಡಿ ಸೋಮವಾರವೇ. ಬಾಟಲಿ ಎಲ್ಲಿಡುತ್ತಾರೆ ಅಂತ ನಿಂತು ನೋಡಿ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ.

ನಮ್ಮೆಜಮಾನರಿಗೆ ಹೊಸ ಮದ್ದು ಶುರುವಾದ ನಾಲ್ಕನೇ ದಿನ ಜ್ವರ ಇಳಿಯಿತು. ಈಗ ಮುದ್ದೆ ಬಸ್ಸಾರು ಕೇಳುತ್ತಿದ್ದಾರೆ, ನಾನು ಇನ್ನೂ ಮೆತ್ತಗಿನ ಅನ್ನ, ಮಜ್ಜಿಗೆಯಲ್ಲೇ ಇಟ್ಟಿದ್ದೇನೆ. ಸಾವಿರದ ನೂರು ರೂಪಾಯಿಯ ಮಾತು ಮಾತ್ರ ಆಮೇಲೆ ಎತ್ತಿಲ್ಲ.